ಬಾನೆಟ್ಟಿನ ಮೇಲಿನ ಕುಂಕುಮ

ಶಿಡ್ಲಘಟ್ಟದ ಒಬ್ಬ ರೇಷ್ಮೆ ವ್ಯಾಪಾರಿಗೂ ನನಗೂ ಸ್ನೇಹ ಬೆಳೆದದ್ದು ಕಾರುಗಳಿಂದ. ಐವತ್ತರ ದಶಕದಲ್ಲಿ ನಮ್ಮ ಸುತ್ತಿನ ಊರುಗಳಲ್ಲಿ ದೊಡ್ಡ ವಿಲಾಯತಿ ಕಾರು ಇದ್ದದ್ದು ನಮ್ಮಿಬ್ಬರಿಗೇ, ಎರಡೂ ಕಪ್ಪು. ನನ್ನದರ ಮೇಲೆ ಸದಾ ಧೂಳು. ಅವರದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. ಹಳೆಯ ರೇಷ್ಮೆ ಪಂಚೆಯ ಚೂರನ್ನು ಒದ್ದೆ ಮಾಡಿ ತಾವೇ ಒರೆಸುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ಒಂದೇ ಮಾತು: “ಕಣ್ಣಲ್ಲಿ ನೋಡ್ರಪ್ಪ, ಕೈ ಬೇಡ.”

ಆಯುಧಪೂಜೆಗೂ ಅವರು ಕುಂಕುಮವನ್ನು ಗಾಜಿಗೆ ಮಾತ್ರ ಇಡಿಸುತ್ತಿದ್ದರು. ಬಣ್ಣಕ್ಕೆ ತಗುಲಿದರೆ ಕಲೆ ಹೋಗುವುದಿಲ್ಲ. ಒಂದು ವರ್ಷ ಹಬ್ಬಕ್ಕೆಂದು ಚಿಂತಾಮಣಿಯ ನಮ್ಮ ಮನೆಗೆ ಬಂದರು. ಕಣ್ಣು ಮಂಜಾಗಿದ್ದ ನಮ್ಮಮ್ಮ, ನಮ್ಮ ಕಾರೆಂದೇ ತಿಳಿದು, ಕಲಸಿದ ಕುಂಕುಮವನ್ನು ಅವರ ಬಾನೆಟ್ಟಿಗೆ ಅಂಗೈತುಂಬ ಬಳಿದುಬಿಟ್ಟರು. ನಾನು ಬಟ್ಟೆ ಹಿಡಿದು ಓಡಿದೆ. ಅವರು ನನ್ನ ಕೈ ತಡೆದರು.

“ಸುಮ್ನಿರಪ್ಪ, ಅಮ್ಮನಿಗೆ ಗೊತ್ತಾಗ್ಬಿಡ್ತದೆ,” ಎಂದು ಪಿಸುಗುಟ್ಟಿ, ಕಾರಿನ ಮುಂದೆ ಕೈ ಮುಗಿದು ನಿಂತರು.

ಅಮ್ಮ ತೀರಿಕೊಂಡ ಮರುವರ್ಷ ಅವರು ಕಾರಿಗೆ ಹೊಸ ಬಣ್ಣ ಹೊಡೆಸಿದರು. ನೋಡಲು ಹೋದೆ. ಬಾನೆಟ್ಟಿನ ಮೇಲೆ ಅಂಗೈಯಗಲ ಹಳೆಯ ಕಪ್ಪನ್ನು ಹಾಗೇ ಉಳಿಸಿಕೊಂಡಿದ್ದರು. ಅದರಲ್ಲಿ ಮಾಸಿದ ಕೆಂಪು. ನನಗೇ ತಿಳಿಯದೆ ಕೈ ಚಾಚಿ, ತಕ್ಷಣ ಹಿಂದೆಳೆದುಕೊಂಡೆ.

“ನೀನು ಮುಟ್ಟಪ್ಪ,” ಎಂದರು.