ಒಂಬತ್ತು ಬಾವಿಗಳ ಟ್ರಂಕ್ ಚಾಚಾ

ಟ್ರಂಕ್ ಚಾಚಾರ ಎಡಗಿವಿಯಲ್ಲಿ ಯಾವಾಗಲೂ ಒಂದು ಉಂಡೆ ಹತ್ತಿ ಇರುತ್ತಿತ್ತು. ವರ್ಷಗಟ್ಟಲೆ ತಗಡು ಬಡಿದು ಆ ಕಿವಿ ಹೋಗಿತ್ತು. ಬಲಗಿವಿ ಮಾತ್ರ ಭಾರಿ ಚುರುಕು. ಸೊಲ್ಲಾಪುರ ರಸ್ತೆಯಲ್ಲಿ ಅವರದೊಂದು ಟ್ರಂಕಿನ ಅಂಗಡಿ, ಮನೆ ಇಬ್ರಾಹಿಂಪುರದಲ್ಲಿ. ಗಿರಾಕಿ ಮುಚ್ಚಳ ಹಾಕಿದ ಸದ್ದಿನ ಮೇಲೆಯೇ, ತಲೆ ಎತ್ತದೆ, ಯಾವ ಕಡೆಯ ಕೊಂಡಿ ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನನಗೆ ವಿಜಾಪುರದಲ್ಲಿ ಬಾವಿಗಳ ನೀರು ಅಳೆಯುವ ಸರಕಾರಿ ನೌಕರಿ. ಟಿಕೋಟಾ ಕಡೆ ನಾಲ್ಕು, ಬಬಲೇಶ್ವರ ಕಡೆ ಐದು ಬಾವಿ. ತಿಂಗಳಿಗೊಮ್ಮೆ ಹೋಗಿ ಟೇಪು ಇಳಿಬಿಟ್ಟು, ದಂಡೆಯಿಂದ ನೀರು ಎಷ್ಟು ಕೆಳಗಿದೆ ಎಂದು ಬರೆದುಕೊಂಡು ಬರಬೇಕು. ಆಳದ ಬಾವಿಯಲ್ಲಿ ಟೇಪು ನೀರು ಮುಟ್ಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂದು ದಿನ ಚಾಚಾರ ಮುಂದೆ ಈ ಗೋಳು ಹೇಳಿಕೊಂಡೆ. ಅವರು ಬುಡ ತೆರೆದ ಒಂದು ಪುಟ್ಟ ಡಬ್ಬಿ ಮಾಡಿ, ತೂಕಕ್ಕೆ ಸೀಸ ಹಾಕಿ, ಟೇಪಿನ ತುದಿಗೆ ಕಟ್ಟಿಕೊಟ್ಟರು. ನೀರು ಮುಟ್ಟಿದೊಡನೆ ಅದು ‘ಬುಳಕ್’ ಎನ್ನುತ್ತಿತ್ತು. ನಮ್ಮ ಕಚೇರಿಯ ಯಾವ ದೊಡ್ಡ ತಲೆಗೂ ಹೊಳೆಯದ ಉಪಾಯ ಅದು.

ಅದಕ್ಕೆ ಬದಲಾಗಿ ಅವರು ಕೇಳಿದ್ದು ಒಂದೇ. ತಿಂಗಳ ಅಂಕಿಗಳನ್ನು ತಮಗೂ ಹೇಳಬೇಕು.

“ನಿಮ್ಮ ಕಾಗದದಾಗ ಅಂಕಿ ಸುಮ್ಮ ಕುಂತಿರತಾವ ಸಾಹೇಬ್ರ. ಅವು ನಾಕು ಮಂದಿ ಕೂಡ ಮಾತಾಡಬೇಕು,” ಎಂದರು.

ಟ್ರಂಕು ಮಾಡಿ ಉಳಿದ ತಗಡಿನಲ್ಲಿ ಬಾವಿಗೊಂದು ಪಟ್ಟಿ ಕತ್ತರಿಸಿದರು. ನೀರಿನ ಒಂದು ಮೀಟರ್ ಆಳಕ್ಕೆ ಒಂದು ಬೆರಳಿನಗಲ. ನೀರು ಇಳಿದಷ್ಟೂ ಪಟ್ಟಿ ಉದ್ದ. ತಿಂಗಳಿಗೊಂದು ಬಣ್ಣ ಬಳಿದು, ಒಂಬತ್ತನ್ನೂ ಸಾಲಾಗಿ ತಂತಿಗೆ ತೂಗುಹಾಕಿ, ಕಟ್ಟಿಗೆಯ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದರು. ಗಿಡ್ಡ ಪಟ್ಟಿ ಟಿಣ್ ಎನ್ನುತ್ತಿತ್ತು, ಉದ್ದದ್ದು ದಪ್ಪ ದನಿಯಲ್ಲಿ ಢಣ್. ಮಗಳ ಮದುವೆಗೆ ಟ್ರಂಕು ನೋಡಲು ಬಂದ ಹಳ್ಳಿಯವರು, “ನಮ್ಮೂರ ಬಾವಿ ಯಾವುದ್ರಿ? ಬಡೀರಿ ಕೇಳೂಣು,” ಎನ್ನುತ್ತಿದ್ದರು. ನನ್ನ ರಜಿಸ್ಟರನ್ನು ಮಾತ್ರ ಒಬ್ಬ ಮನುಷ್ಯನೂ ಕೇಳಿದ್ದಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತು. ಬೇಸಿಗೆಗೆ ಮೊದಲು ಯಾವ ಊರುಗಳ ಕುಡಿಯುವ ನೀರಿನ ಬಾವಿ ಆಳ ಮಾಡಿಸಬೇಕೆಂಬ ಯಾದಿ ನನ್ನ ಅಂಕಿಗಳ ಮೇಲೆಯೇ ತಯಾರಾಗುವುದಿತ್ತು. ಸರಿಯಾಗಿ ಅದೇ ವಾರ ನನಗೆ ಕನ್ಯೆ ನೋಡುವ ಗಡಿಬಿಡಿ. ಬಾವಿಗಳ ಕಡೆ ಹೋಗಲೇ ಇಲ್ಲ. ಕಚೇರಿಯಲ್ಲಿ ಕುಳಿತು, ಹೋದ ತಿಂಗಳ ಅಂಕಿಗಳಿಗೆಲ್ಲ ಒಂದೂವರೆ ಮೀಟರ್ ಕೂಡಿಸಿ ಬರೆದೆ. ಹೇಗೂ ನೀರು ಇಳಿದೇ ಇಳಿಯುತ್ತದೆ, ಯಾರು ಹೋಗಿ ನೋಡುತ್ತಾರೆ ಎಂಬ ಹುಂಬತನ. (ಅಂದು ನೋಡಿದ ಕನ್ಯೆಯೇ ಇಂದು ನನ್ನ ಹೆಂಡತಿ. ಈ ಕಥೆ ತೆಗೆದರೆ, ಇದರಲ್ಲಿ ತನ್ನದೇನು ತಪ್ಪು ಎಂದು ಈಗಲೂ ಜಗಳಕ್ಕೆ ಬರುತ್ತಾಳೆ.)

ಅವೇ ಅಂಕಿಗಳನ್ನು ಚಾಚಾರಿಗೂ ಹೇಳಿದೆ. ಅವರು ಪಟ್ಟಿ ಕತ್ತರಿಸಿದರು, ತೂಗುಹಾಕಿದರು, ಬಡಿದರು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಬಡಿದರು. ಹೋದ ತಿಂಗಳ ಸಾಲನ್ನು ತಂದು ಪಕ್ಕಕ್ಕೆ ಕಟ್ಟಿದರು. ಎರಡು ಸಾಲಿನ ಏರಿಳಿತವೂ ಒಂದೇ. ಹೊಸದು ಎಲ್ಲ ಕಡೆ ಒಂದೂವರೆ ಬೆರಳು ಉದ್ದ, ಅಷ್ಟೇ.

“ಒಂಬತ್ತೂ ಬಾವಿ ಮಾತಾಡಿಕೊಂಡು ಒಂದ ಸಮ ಇಳದಾವೇನ್ರಿ ಸಾಹೇಬ್ರ?”

“ಇಳದಿರಬೇಕು ಚಾಚಾ,” ಎಂದೆ.

“ಒಂದೊಂದು ಬಾವಿ ಒಂದೊಂದು ನಮೂನಿ. ಯಾವ ತಿಂಗಳದಾಗೂ ಇವು ಹಿಂಗ ಜೋಡಿಲೆ ಇಳದಿಲ್ಲ. ನೀವು ಹೋಗಿಲ್ಲ.”

ದನಿ ಏರಿಸಲಿಲ್ಲ. ಒಂಬತ್ತೂ ಪಟ್ಟಿ ಬಿಚ್ಚಿ ನನ್ನ ಕೈಗಿಟ್ಟರು. “ಮಂದಿ ಇದನ್ನ ಕೇಳಿ ನಂಬತಾರ್ರಿ. ಸುಳ್ಳು ಬಡಿಯೂದು ನನ್ನ ಕೈಲೆ ಆಗಂಗಿಲ್ಲ,” ಎಂದು ಕೆಲಸಕ್ಕೆ ಕುಳಿತರು. ನಾಚಿಕೆಯಿಂದ ಹಿಡಿಯಷ್ಟಾದೆ.

ಮರುದಿನವೇ ಹೊರಟೆ. ಎರಡು ದಿನದಲ್ಲಿ ಎಂಟು ಬಾವಿ ಮುಗಿಸಿ ಕೊನೆಗೆ ಕಾಖಂಡಕಿಗೆ ಹೋದರೆ, ಹೆಂಗಸರು ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿ ನೀರು ಸೇದುತ್ತಿದ್ದರು. ಅಲ್ಲಿ ಒಂದೂವರೆ ಮೀಟರ್ ಅಲ್ಲ, ಐದು ಮೀಟರಿಗೂ ಹೆಚ್ಚು ಇಳಿದಿತ್ತು. ಬಾವಿಯ ಪಕ್ಕದ ಮನೆಯ ಮುದುಕಿ ನನ್ನನ್ನು ಗುರುತು ಹಿಡಿದಳು.

“ಎಲ್ಲಿ ಹೋಗಿದ್ದಿ ಯಪ್ಪಾ? ನೀರು ತಳಕ್ಕ ಹೋಗ್ಯಾವ ನೋಡು.”

ನಾನು ಬರೆದಿದ್ದ ಅಂಕಿಯ ಲೆಕ್ಕದಲ್ಲಿ ಆ ಊರು ಯಾದಿಯಲ್ಲೇ ಇರಲಿಲ್ಲ. ಸೀದಾ ನಮ್ಮ ಕಚೇರಿಯ ಸಾಹೇಬರ ಮುಂದೆ ಹೋಗಿ ನಿಂತು, ಸುಳ್ಳು ಬರೆದಿದ್ದೆ ಎಂದೆ. ಹೊಟ್ಟೆ ತುಂಬ ಬೈಸಿಕೊಂಡೆ. ನೌಕರಿ ಉಳಿದದ್ದೇ ಹೆಚ್ಚು. ಕಾಖಂಡಕಿಯ ಹೆಸರು ಯಾದಿಯ ಮೇಲಕ್ಕೆ ಬಂತು, ಬೇಸಿಗೆಯ ಬಿಸಿಲು ಏರುವ ಮೊದಲೇ ಬಾವಿ ಆಳವಾಯಿತು, ಸೆಲೆ ಸಿಕ್ಕಿತು. ಚಾಚಾ ಹೊಸ ಪಟ್ಟಿಗಳನ್ನು ಬಡಿದು ಕೇಳಿ, “ಈಗ ಖರೇ ಐತಿ,” ಎಂದರು. ಆ ವಿಷಯವನ್ನು ಯಾರ ಮುಂದೆಯೂ ಆಡಲಿಲ್ಲ, ನನಗೂ ಮತ್ತೆ ಎತ್ತಿ ಆಡಲಿಲ್ಲ. ಅಂಥ ದೊಡ್ಡತನ ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಎರಡು ವರ್ಷಗಳ ಮೇಲೆ ಚಾಚಾ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಅದೇ ವಾರ ಕಾಖಂಡಕಿಗೆ ಹೋದಾಗ ಬಾವಿಯಲ್ಲಿ ನೀರು ಸೇದುತ್ತಿದ್ದ ಮುದುಕಿಯ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಚಾಚಾರ ವಿಷಯ ಹೇಳಬೇಕೆಂದರೆ ನನ್ನ ಸುಳ್ಳನ್ನೂ ಹೇಳಲೇಬೇಕಿತ್ತು. ಅವಳು ಸೇದುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು.

“ಅವರು ಯಾವಾಗರ ನಮ್ಮೂರಿಗೆ ಬಂದಿದ್ರೇನು?”

“ಒಮ್ಮೆನೂ ಇಲ್ಲ ಬೇ.”

“ನಿನಗ ಬೈಯೂದು ಆಮ್ಯಾಲ. ಮೊದಲ ಅವರ ಮನಿ ತೋರಸು.”

ಮರುದಿನ ಮುಂಜಾನೆಯ ಬಸ್ಸಿಗೆ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಳು. ಇಬ್ರಾಹಿಂಪುರದ ಆ ಮನೆಯಲ್ಲಿ ಚಾಚಾರ ಹೆಂಡತಿ ಚಾಚಿಗೆ ಇವರು ಯಾರೆಂದೇ ತಿಳಿಯದು. ಮುದುಕಿ ಅವರ ಕೈ ಹಿಡಿದು ಪಕ್ಕದಲ್ಲಿ ಕುಳಿತಳು. “ನಿನ್ನ ಗಂಡನ ಪುಣ್ಯದಿಂದ ಎರಡು ಬ್ಯಾಸಿಗಿ ನಮ್ಮೂರು ನೀರು ಕುಡದೈತಿ ನೋಡವ್ವಾ. ಹೇಳಿ ಹೋಗಾಕ ಬಂದೇವಿ,” ಎಂದಳು. ಬಾಗಿಲ ಹೊರಗೆ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ನನಗೆ ಬೈಯುತ್ತೇನೆಂದವಳು ಕೊನೆಗೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.