ಹೆಬ್ಬೆಟ್ಟಿನ ಕಡೆ ನೋಡಿ, ಅವ್ವ

ಮೈಸೂರಿಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಆಸ್ಪತ್ರೆಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಚೆಲುವಯ್ಯ ಕ್ಯಾಮೆರಾ ಒರೆಸುತ್ತಿದ್ದಾರೆ, ಅವರ ಕೆಲಸ ನೋಡಿ ಬರೆಯಲೆಂದು ಬಂದ ನಾನು ಮೂಲೆಯಲ್ಲಿ ಕೂತಿದ್ದೇನೆ. ಊರೆದ್ದು ಗಿರಣಿಗಳು ತಿರುಗತೊಡಗಿದರೆ ಕರೆಂಟು ಕುಣಿಯುತ್ತದೆ, ಚಿತ್ರ ಕೆಡುತ್ತದೆ. ಹಾಗಾಗಿ ಇವರ ಕೆಲಸ ಕೋಳಿ ಕೂಗುವ ಹೊತ್ತಿಗೇ ಶುರು.

ಇವರು ತೆಗೆಯುವುದು ಮುಖದ ಫೋಟೋ ಅಲ್ಲ, ಕಣ್ಣಿನೊಳಗಿನ ಪರದೆಯದು. ಇವತ್ತು ಎದುರಿಗೆ ಕೂತವರು ಲಷ್ಕರ್ ಮೊಹಲ್ಲಾದಲ್ಲಿ ಹೂ ಮಾರುವ ದೇವೀರಮ್ಮ. ಕಣತಲೆಯ ರಕ್ತನಾಳ ಉರಿದು ಊದಿಕೊಳ್ಳುವ ಕಾಯಿಲೆ. ಮೊದಲು ತಲೆ ಬಾಚಿದರೆ ನೋವು, ಆಮೇಲೆ ಅನ್ನ ಅಗಿದರೆ ನೋವು. ಒಂದು ಬೆಳಿಗ್ಗೆ ಎಡಗಣ್ಣು ಕತ್ತಲಾಯಿತು. ಈಗ ಬಲಗಣ್ಣಿನದೇ ಭಯ. ಮಾತ್ರೆ ನಾಟಿದೆಯೋ ಇಲ್ಲವೋ ಎಂದು ಡಾಕ್ಟರು ಈ ಚಿತ್ರ ನೋಡಿಯೇ ಹೇಳಬೇಕು.

ಒಂದು ಕಣ್ಣಿನ ಚಿತ್ರ ತೆಗೆಯುವಾಗ ಇನ್ನೊಂದು ಕಣ್ಣು ಪುಟ್ಟ ಕೆಂಪು ದೀಪ ನೋಡುತ್ತಿರಬೇಕು, ಆಗ ಎರಡೂ ಅಲುಗುವುದಿಲ್ಲ. ದೇವೀರಮ್ಮನ ಎಡಗಣ್ಣಿಗೆ ದೀಪವೆಲ್ಲಿ ಕಾಣಬೇಕು? ಚೆಲುವಯ್ಯ ಅವರ ಕೈಯನ್ನು ಮುಂದಕ್ಕೆ ಚಾಚಿಸಿ ಹೆಬ್ಬೆಟ್ಟು ಎತ್ತಿಸುತ್ತಾರೆ.

"ಕಾಣದಿದ್ರೂ ನಿಮ್ಮ ಬೆರಳು ಎಲ್ಲದೆ ಅಂತ ನಿಮಗೆ ಗೊತ್ತಲ್ಲವ್ವ, ಆ ಕಡೆಗೇ ನೋಡಿ."

ಫಳ್ಳನೆ ಬೆಳಕು.

"ನನ್ ಕಣ್ಣು ಉಳೀತದಾ ಸ್ವಾಮಿ?"

"ಡಾಕ್ಟ್ರು ಹೇಳ್ತಾರೆ ಕಣವ್ವ."

ಕೋಣೆ ಕತ್ತಲು, ಬಂದವರ ಕಣ್ಣಿಗೆ ಮಂಜು ಕವಿಸುವ ಹನಿಮದ್ದು. ಹಾಗಾಗಿ ಚೆಲುವಯ್ಯನವರ ಮುಖ ಯಾರಿಗೂ ಗೊತ್ತಿಲ್ಲ, ದನಿ ಮಾತ್ರ ಗೊತ್ತು. ಒಂಟಿ ಜೀವ, ಬಾಡಿಗೆ ಕೋಣೆ. ಊರ ತುಂಬ ಇವರಿಗೆ ಗುರುತು ಸಿಗುವವರು, ಮಾತಿಗೆ ಒಬ್ಬರಿಲ್ಲ. ಬೀದಿಯಲ್ಲಿ ಕಂಡವರನ್ನು ನೀವೇ ಮಾತಾಡಿಸಬಾರದೇ ಎಂದು ನಾನು ರೇಗಿದೆ.

"ದನಿ ಕೇಳಿದ್ರೆ ಕಣ್ಣಿನ ವಿಷಯ ಕೇಳ್ತಾರೆ ಸಾರ್. ಫಿಲಂ ತೊಳೆಯುವಾಗಲೇ ನಂಗೆ ಅಂದಾಜಾಗಿರ್ತದೆ. ಹೇಳೋ ಹಂಗಿಲ್ಲ, ಸುಳ್ಳು ಹೇಳಕ್ಕೂ ಬರಲ್ಲ. ಅದಕ್ಕೇ ಬಾಯಿ ಮುಚ್ಕೊಂಡು ಓಡಾಡ್ತೀನಿ."



ಮಧ್ಯಾಹ್ನ ಡಾಕ್ಟರು ಚಿತ್ರ ನೋಡಿ, ಕಣ್ಣಿನ ನರ ಊದಿಲ್ಲ, ಮಾತ್ರೆ ನಾಟಿದೆ, ಬಲಗಣ್ಣು ಉಳಿಯಿತು ಎಂದು ದೇವೀರಮ್ಮನಿಗೇ ಹೇಳುತ್ತಾರೆ.

ಎರಡು ದಿನ ಬಿಟ್ಟು, ಸಂಜೆ, ನಾವಿಬ್ಬರೂ ಪೇಟೆಯಲ್ಲಿ ನಡೆಯುತ್ತಿದ್ದೇವೆ. ದೇವೀರಮ್ಮ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಾರೆ. ಚೆಲುವಯ್ಯ ಎಂದಿನಂತೆ ತಲೆ ತಗ್ಗಿಸಿ ದಾಟುತ್ತಾರೆ. ತುಸು ದೂರ ಹೋದವರು ನಿಂತು, ಹಿಂದಿರುಗಿ ಬಂದು ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಒಂದು ಮೊಳ ಮಲ್ಲಿಗೆ ಕೊಡವ್ವ."

ಹೂ ಮುಡಿಯುವವರು ಇವರ ಮನೆಯಲ್ಲಿ ಯಾರೂ ಇಲ್ಲ. ಆ ದನಿಗೆ, ಮೊಳ ಹಾಕುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ, ಹೆಬ್ಬೆಟ್ಟು ತಾನಾಗಿ ಮೇಲೇಳುತ್ತದೆ. ಅದರಾಚೆಗಿನ ಮುಖವನ್ನು ದೇವೀರಮ್ಮ ಬಲಗಣ್ಣಿನಲ್ಲಿ ನಿಧಾನವಾಗಿ ನೋಡುತ್ತಾರೆ.

"ಓ, ಹಿಂಗಿದ್ದೀರಾ ಸ್ವಾಮಿ ನೀವು!"