ಗುಳಿಗೆ ಕೊಡುವ ಸೊಸೆ

ನನ್ನ ತಮ್ಮನ ಬ್ರೌನ್ ಶುಗರ್ ಚಟ ಬಿಡಿಸಲು ನಮ್ಮವರು ಮಾಡದ ಔಷಧವಿಲ್ಲ. ತಾಯತ ಕಟ್ಟಿಸಿದರು; ಅದರ ಬೆಳ್ಳಿಯನ್ನೇ ಮಾರಿ ಪುಡಿ ಸೇದಿದ. ಪಂಢರಪುರಕ್ಕೆ ಕರೆದೊಯ್ದು ತುಳಸಿ ಮಾಲೆ ಹಾಕಿಸಿದರು. ಮಾಲೆ ಹಾಕಿದವರು ಹೆಂಡ, ಮಾಂಸ ಮುಟ್ಟುವಂತಿಲ್ಲ. ಅವನು ಎರಡನ್ನೂ ಮುಟ್ಟಲಿಲ್ಲ, ಬಹಳ ನೇಮಸ್ಥ. ಪುಡಿಯ ಬಗ್ಗೆ ವಿಠ್ಠಲ ಏನೂ ಹೇಳಿರಲಿಲ್ಲವಲ್ಲ! ಗೋವಾದ ಝುವಾರಿನಗರದಲ್ಲಿದ್ದ ನಮ್ಮ ಓಣಿಗೆ ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪುಡಿ ಮಾತ್ರ ತಪ್ಪದೇ ಬರುತ್ತಿತ್ತು.

ಬೇರೆ ದೇವರು ಯಾರೂ ಉಳಿಯದಿದ್ದಾಗ ಅವನನ್ನು ಹುಚ್ಚರ ದವಾಖಾನೆಯಲ್ಲಿದ್ದ ಚಟ ಬಿಡಿಸುವ ವಾರ್ಡಿಗೆ ಸೇರಿಸಿದೆವು. ಅಲ್ಲಿ ನಡುಗಿದ, ಬೆವೆತ, ಅವ್ವನನ್ನು ಬಾಯಿಗೆ ಬಂದಂತೆ ಬೈದ. ಆಮೇಲೆ ಒಂದು ದಿನ ತಾನಾಗಿಯೇ ಹಸಿವೆ ಎಂದ. ಅವ್ವ ಅತ್ತೇಬಿಟ್ಟಳು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಒಂದು ಗುಳಿಗೆ ತೋರಿಸಿ, ಹಿಂದಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಇದನ್ನು ನುಂಗಿದವನಿಗೆ ಪುಡಿ ಸೇದಿದರೂ ನಶೆ ಏರುವುದಿಲ್ಲ. ಆದರೆ ಒಂದು ದಿನವೂ ತಪ್ಪಬಾರದು. ಮನೆಯಲ್ಲಿ ಜವಾಬ್ದಾರಿ ಇರುವವರೊಬ್ಬರು ಎದುರಿಗೆ ನಿಂತು ನುಂಗಿಸಬೇಕು.

ಅವ್ವ ಎಲ್ಲಕ್ಕೂ ತಲೆಯಾಡಿಸಿದಳು. ಬಸ್ಸಿನಲ್ಲಿ ಕುಳಿತ ಮೇಲೆ ಹೇಳಿದಳು: "ಡಾಕ್ಟರ್ ಬಾಯಿ ಖರೇ ಹೇಳಿದ್ಲು ನೋಡು. ಇವಗ ಲಗ್ನ ಮಾಡಬೇಕು."

"ಯವ್ವಾ, ಅವ್ರು ಲಗ್ನದ ಮಾತ ಎತ್ತಲಿಲ್ಲಲ್ಲ."

"ಮತ್ತ ದಿನಾ ಎದುರು ನಿಂತು ನುಂಗ್ಸೋರು ಯಾರು? ನಾನೂ ನೀನೂ ಮುಂಜಾನೆದ್ದು ಕೆಲಸಕ್ಕ ಓಡೋರು. ಮನ್ಯಾಗ ಒಂದು ಹೆಣ್ಣು ಬ್ಯಾಡೇನು?"

ನಾವಿಬ್ಬರೂ ಸ್ಲ್ಯಾಬ್ ಹಾಕುವ ಗುಂಪಿನಲ್ಲಿ ಬುಟ್ಟಿ ಹೊರುವವರು. ಗುಳಿಗೆ ನುಂಗಿಸಲು ಎಷ್ಟು ಹೊತ್ತು ಬೇಕು? ಚಹಾ ಕುಡಿಯುವಷ್ಟೂ ಬೇಡ. ಆದರೆ ಅವ್ವನ ಪ್ರಕಾರ ಅದಕ್ಕೆ ಇಡೀ ಒಬ್ಬ ಸೊಸೆಯೇ ಬೇಕಿತ್ತು. ಸೊಸೆಯೂ ಗೊತ್ತಾಗಿಯೇ ಇದ್ದಳು: ಊರಲ್ಲಿದ್ದ ಸೋದರಮಾವನ ಮಗಳು. ಅವ್ವ ಅಂದೇ ನಾಣ್ಯ ಹಾಕುವ ಫೋನಿನಿಂದ ಮಾವನಿಗೆ ಸುದ್ದಿ ಮುಟ್ಟಿಸಿದಳು. ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ಔಷಧವನ್ನು ಯಾರಾದರೂ ಕೇಳುತ್ತಾರೆಯೇ?

ನನಗೆ ಮೈ ಉರಿಯಿತು. ಕುಡಿತ ಬಿಡಲಿ ಎಂದೇ ನನ್ನನ್ನೂ ಒಬ್ಬನಿಗೆ ಕಟ್ಟಿದ್ದರು. ಅವನು ಕುಡಿದೇ ಸತ್ತ. ಔಷಧವೇ ಸರಿಯಿರಲಿಲ್ಲ ಎಂದು ಅವನ ತಾಯಿ ನನ್ನನ್ನು ತವರಿಗೆ ಅಟ್ಟಿದಳು.

ಸೊಸೆ ಬರುವತನಕ ಗುಳಿಗೆಯ ಕೆಲಸ ನನ್ನದಾಯಿತು. ತಮ್ಮ ಮೈ ತುಂಬಿಕೊಂಡ, ಹಮಾಲಿಗೂ ಹೋಗತೊಡಗಿದ. ಅಷ್ಟರಲ್ಲಿ ಮಾವ ಬಂದ. ಪುಡಿಯ ಸುದ್ದಿ ಅವನಿಗೆ ಮೊದಲೇ ಗೊತ್ತಿತ್ತು. ರೊಟ್ಟಿ ಮುರಿಯುತ್ತ, "ಹುಡುಗ್ರು ಮಾಡ್ತಾವ, ಸಂಸಾರ ತಲಿಮ್ಯಾಲ ಬಿದ್ರ ಬಿಡ್ತಾವ" ಎಂದುಬಿಟ್ಟ. ಎಂಥ ವಿಶಾಲ ಹೃದಯ! ಅವನು ಅಂಜಿದ್ದು ಒಂದಕ್ಕೇ. "ಹುಚ್ಚರ ದವಾಖಾನ್ಯಾಗ ಇದ್ದ ಅಂತ ಯಾರೋ ಅಂದ್ರು. ತಲಿ ಗಿಲಿ ಕೆಟ್ಟಿಲ್ಲ ಹೌದಿಲ್ಲ?"

"ಇಲ್ಲ ಬಿಡಣ್ಣಾ, ಯಾರಂದ್ರು ಹಂಗ!" ಎಂದಳು ಅವ್ವ. ಮಾವ ಕೈ ತೊಳೆಯಲು ಎದ್ದದ್ದೇ ತಡ, ಗುಳಿಗೆಗಳನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಳು. ಅವನು ಊರಿಗೆ ಹೋಗುವತನಕ ಗುಳಿಗೆ ಬಂದ್ ಎಂದು ನನಗೆ ಅಪ್ಪಣೆಯಾಯಿತು. ಮಾವನೋ, ಗೋವಾ ನೋಡಿಕೊಂಡೇ ಹೋಗುವವನು. ಸಮುದ್ರ ನೋಡಿದ, ಫೋಂಡಾ ಕಡೆಯ ಗುಡಿಗಳನ್ನೆಲ್ಲ ಸುತ್ತಿದ.

ಮೂರನೆಯ ಮುಂಜಾನೆ ತಮ್ಮ ನಲ್ಲಿಯ ಹತ್ತಿರ ಬಂದು ನನ್ನ ಕೊಡ ಹಿಡಿದುಕೊಂಡ. "ಅಕ್ಕಾ, ಗುಳಿಗಿ ಕೊಡು. ನಿನ್ನೆ ಪುಡಿ ಮಾರೋರ ಬಾಗಿಲತನಕ ಹೋಗಿ ಬಂದೇನಿ. ಇವತ್ತ ಹೋದ್ರ ಹಂಗ ತಿರುಗಿ ಬರಂಗಿಲ್ಲ."

ಅವನ ಮುಖ ನೋಡಿ ನನಗೆ ಭಯವಾಯಿತು. ಒಳಗೆ ಬಂದರೆ ಮಾವ ಚಹಾ ಹೀರುತ್ತ ನಿಶ್ಚಯಕ್ಕೆ ದಿನ ಹುಡುಕುತ್ತಿದ್ದ. ನಾನು ಹಿಟ್ಟಿನ ಡಬ್ಬಿಗೆ ಕೈ ಹಾಕಿ ಒಂದು ಗುಳಿಗೆ ತೆಗೆದು, ನೀರಿನ ಚರಿಗೆಯೊಂದಿಗೆ ಎಲ್ಲರೆದುರಿಗೇ ತಮ್ಮನಿಗೆ ಕೊಟ್ಟೆ.

"ಎದರದು ಗುಳಿಗಿ?" ಮಾವ ಕೇಳಿದ.

"ಜ್ವರದ್ದು," ಎಂದಳು ಅವ್ವ.

ತಮ್ಮ ನುಂಗಿ, ತುಟಿ ಒರೆಸಿಕೊಂಡು ಹೇಳಿದ: "ಜ್ವರದ್ದಲ್ಲ ಮಾಮಾ. ಹುಚ್ಚರ ದವಾಖಾನಿದು. ದಿನಾ ತಗೋಬೇಕು."

ಮಾವ ಊಟಕ್ಕೂ ನಿಲ್ಲಲಿಲ್ಲ. ಚೀಲ ಹೆಗಲಿಗೇರಿಸುತ್ತ, "ಪುಡಿ ಸೇದವಗ ಮಗಳನ್ನ ಕೊಡಾಕ ಬಂದಿದ್ನಿ, ತಂಗಿ. ಗುಳಿಗಿ ತಗೊಳ್ಳವಗ ಹೆಂಗ ಕೊಡ್ಲಿ?" ಎಂದ. ಪಾಪ, ಅವನಿಗೆ ನಿಜಕ್ಕೂ ಬೇಜಾರಾಗಿತ್ತು. ನನಗೆ ಮಾತ್ರ ಆ ಹುಡುಗಿಯನ್ನು ನೆನೆದು ಎದೆ ಹಗುರಾಯಿತು.

ಅವ್ವ ಅಂದು ಒಲೆ ಹಚ್ಚಲಿಲ್ಲ. ಮರುದಿನ ಬುಟ್ಟಿ ಹಿಡಿದು ಹೊರಟವಳು ಬಾಗಿಲಿನಿಂದ ತಿರುಗಿ ಬಂದು, ನನ್ನ ಕೈಯಲ್ಲಿದ್ದ ಗುಳಿಗೆ ಕಸಿದುಕೊಂಡು ತಮ್ಮನ ಮುಂದೆ ನಿಂತಳು.

"ನನ್ನ ಸೊಸಿನ್ನಂತೂ ನುಂಗಿದಿ, ಇದನ್ನೂ ನುಂಗು."

ಅವನು ನುಂಗಿದ. ಅವ್ವನಿಗೆ ನಂಬಿಕೆ ಬರಲಿಲ್ಲ. "ಬಾಯಿ ತೆರಿ," ಎಂದಳು. ನಾಲಿಗೆ ಎತ್ತಿಸಿ, ಬಗ್ಗಿ ಒಳಗೆಲ್ಲ ನೋಡಿ, ಸಮಾಧಾನವಾದ ಮೇಲೆ ಬುಟ್ಟಿ ಎತ್ತಿಕೊಂಡು ಹೋದಳು. ಕೆಲಸಕ್ಕೆ ತಡವೂ ಆಗಲಿಲ್ಲ.